ಬಹುಪದೋಕ್ತಿ ಸಮೀಕರಣಗಳಿಂದ ಚರಾಕ್ಷರ ವರ್ಜಿಸುವುದು ಹೇಗೆ: ಕೈಲೆಕ್ಕದಿಂದ ಗ್ರೋಬ್ನರ್ ಬೇಸಿಸ್‌ವರೆಗೆ

ಹತ್ತನೇ ತರಗತಿಯಲ್ಲಿ ಎರಡು ರೇಖಾತ್ಮಕ ಸಮೀಕರಣಗಳನ್ನು ಬಿಡಿಸಲು ಆದೇಶ ವಿಧಾನ, ವರ್ಜಿಸುವ ವಿಧಾನ ಅಂತ ಕಲಿತಿರುತ್ತೇವೆ. ಒಂದನ್ನು 2ರಿಂದ, ಇನ್ನೊಂದನ್ನು 3ರಿಂದ ಗುಣಿಸಿ ಕಳೆದರೆ ಒಂದು ಚರಾಕ್ಷರ ಹೋಗಿಬಿಡುತ್ತದೆ. ಆದರೆ ಸಮೀಕರಣದಲ್ಲಿ ವರ್ಗ, ಘನ, ಎರಡು ಚರಾಕ್ಷರಗಳ ಗುಣಲಬ್ಧ ಎಲ್ಲ ಸೇರಿಕೊಂಡರೆ? ಆಗಲೂ ವರ್ಜಿಸಬಹುದು. ಅದಕ್ಕೆ ಗಟ್ಟಿಯಾದ ವಿಧಾನಗಳಿವೆ. ಅವನ್ನು ಇಲ್ಲಿ ಒಂದೊಂದಾಗಿ, ಲೆಕ್ಕ ಮಾಡುತ್ತಲೇ ನೋಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚರಾಕ್ಷರವನ್ನು ಹೊರಹಾಕುವುದು ಇಲ್ಲಿ ಅರ್ಧ ಕೆಲಸ ಮಾತ್ರ. ಕೊನೆಗೆ ಕೈಗೆ ಬಂದ ಸಮೀಕರಣದಲ್ಲಿ ಹೊಸದಾಗಿ ಏನು ಸೇರಿಕೊಂಡಿದೆ, ಯಾವುದು ಬಿಟ್ಟುಹೋಗಿದೆ ಅಂತ ಪತ್ತೆ ಮಾಡುವುದು ಉಳಿದರ್ಧ. ಹೆಚ್ಚಿನವರು ಎಡವುವುದು ಈ ಎರಡನೇ ಅರ್ಧದಲ್ಲಿ.

ಅಕ್ಷರಗಳ ಬಗ್ಗೆ: 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಗೊತ್ತಿಲ್ಲದ ರಾಶಿಗಳನ್ನು ಯಾವತ್ತಾವತ್, ಕಾಲಕ, ನೀಲಕ ಅಂತ ಕರೆದು, ಅವುಗಳ ಮೊದಲ ಅಕ್ಷರದಿಂದ ಗುರುತಿಸುತ್ತಿದ್ದರು. ನಾನೂ ಯ, ಕ, ನ ಎಂದೇ ಬರೆಯುತ್ತೇನೆ. ಬಹುಪದೋಕ್ತಿಗಳಿಗೆ ಪ, ಫ ಎಂದು ಹೆಸರು.

ನಾವು ಹುಡುಕುತ್ತಿರುವುದು ಏನು?

ಪ = 0, ಫ = 0 ಎಂಬ ಎರಡು ಸಮೀಕರಣಗಳಿವೆ. ಎರಡರಲ್ಲೂ ಯ, ಕ ಇವೆ. ಪ-ಯನ್ನು ಯಾವುದೋ ಬಹುಪದೋಕ್ತಿ ಗ-ಯಿಂದ, ಫ-ಯನ್ನು ಇನ್ನೊಂದು ಬಹುಪದೋಕ್ತಿ ಘ-ಯಿಂದ ಗುಣಿಸಿ ಕೂಡಿಸಿ. ಗ·ಪ + ಘ·ಫ ಎಂಬ ಈ ಮೊತ್ತದಲ್ಲಿ ಯ ಪೂರ್ತಿ ಮಾಯವಾದರೆ ಕೆಲಸ ಆಯಿತು. ಪ, ಫ ಎರಡೂ ಸೊನ್ನೆಯಾಗುವ ಕಡೆ ಆ ಮೊತ್ತವೂ ಸೊನ್ನೆ ಆಗಲೇಬೇಕು, ಅಲ್ವಾ? ಹಾಗಾಗಿ ಪರಿಹಾರಗಳೆಲ್ಲ ಹೊಸ ಸಮೀಕರಣಕ್ಕೂ ಒಪ್ಪುತ್ತವೆ. ಆದರೆ ಹೊಸ ಸಮೀಕರಣಕ್ಕೆ ಒಪ್ಪಿದ್ದೆಲ್ಲ ಪರಿಹಾರ ಆಗಬೇಕೆಂದಿಲ್ಲ. ಇದನ್ನು ಕೊನೆಯವರೆಗೂ ನೆನಪಿಡಿ.

ನಕ್ಷೆಯ ಮೇಲೆ ನೋಡಿದರೆ, ಪರಿಹಾರದ ಬಿಂದುಗಳ ನೆರಳನ್ನು ಕ-ಅಕ್ಷದ ಮೇಲೆ ಬೀಳಿಸಿದಂತೆ. ಬಿಂದು ಎಷ್ಟು ಎತ್ತರದಲ್ಲಿತ್ತು ಅಂತ ನೆರಳು ಹೇಳುವುದಿಲ್ಲ. ಅದನ್ನು ನಾವು ಮತ್ತೆ ಲೆಕ್ಕ ಹಾಕಿಕೊಳ್ಳಬೇಕು.

ಮೊದಲ ದಾರಿ: ಆದೇಶ ವಿಧಾನ

ಯಾವುದಾದರೂ ಒಂದು ಸಮೀಕರಣದಲ್ಲಿ ಒಂದು ಚರಾಕ್ಷರ ಬರೀ ಮೊದಲ ಘಾತದಲ್ಲಿದ್ದರೆ ಬೇರೆ ಯೋಚನೆಯೇ ಬೇಡ, ಆದೇಶ ವಿಧಾನವೇ ಸಾಕು. ಉದಾಹರಣೆಗೆ:

ಯ² + ಕ² = 25
ಯಕ = 12

ಎರಡನೆಯದರಿಂದ ಯ = 12/ಕ. ಇಲ್ಲಿ ಕ-ಯಿಂದ ಭಾಗಿಸಿದ್ದೇವೆ. ಅಂದರೆ ಕ ಸೊನ್ನೆ ಆಗಬಾರದು. ಕ = 0 ಆದರೆ ಎರಡನೇ ಸಮೀಕರಣ 0 = 12 ಅನ್ನುತ್ತದೆ, ಅದು ಸಾಧ್ಯವಿಲ್ಲ. ಆದ್ದರಿಂದ ಇಲ್ಲಿ ತೊಂದರೆ ಇಲ್ಲ. ಈ ತಪಾಸಣೆಯನ್ನು ಪ್ರತಿ ಸಲ ಬರೆದಿಡಿ. ಮನಸ್ಸಿನಲ್ಲೇ ಮಾಡಿದರೆ ಒಂದು ದಿನ ಮರೆತುಹೋಗುತ್ತದೆ.

ಮೊದಲನೆಯದಕ್ಕೆ ಆದೇಶಿಸಿ ಕ²-ಯಿಂದ ಗುಣಿಸಿದರೆ:

ಕ⁴ − 25ಕ² + 144 = 0

ಇದು (ಕ² − 9)(ಕ² − 16) = 0. ಕ = 3, −3, 4, −4. ಈಗ ಯ ಬೇಕು. ಯಾವ ಸಮೀಕರಣಕ್ಕೆ ಹಾಕುತ್ತೀರಿ? ಕ = 3 ಅನ್ನು ಮೊದಲನೆಯದಕ್ಕೆ ಮಾತ್ರ ಹಾಕಿದರೆ ಯ = 4 ಮತ್ತು ಯ = −4 ಎರಡೂ ಬರುತ್ತವೆ. ಆದರೆ −4 × 3 = −12, ಅದು ಎರಡನೆಯದಕ್ಕೆ ಒಪ್ಪುವುದಿಲ್ಲ. ಹೀಗೆ ಮಾಡಿದರೆ ಒಟ್ಟು 8 ಜೋಡಿ ಸಿಗುತ್ತವೆ, ಅದರಲ್ಲಿ 4 ಸುಳ್ಳು. ಯ = 12/ಕ ಬಳಸಿದರೆ ಸರಿಯಾದ ನಾಲ್ಕೇ ಬರುತ್ತವೆ: (4, 3), (3, 4), (−4, −3), (−3, −4).

ನಾಲ್ಕು ಎಂಬ ಸಂಖ್ಯೆಯನ್ನೂ ಸರಿನೋಡಬಹುದು. ಎರಡು ಸಮೀಕರಣಗಳ ಡಿಗ್ರಿ, ಅಂದರೆ ಒಂದು ಪದದಲ್ಲಿ ಬರುವ ಘಾತಗಳ ಅತಿ ದೊಡ್ಡ ಮೊತ್ತ, 2 ಮತ್ತು 2. ಅವುಗಳಿಗೆ ಸಾಮಾನ್ಯ ಅಪವರ್ತನ ಇಲ್ಲದಿದ್ದರೆ 2 × 2 = 4ಕ್ಕಿಂತ ಜಾಸ್ತಿ ಪರಿಹಾರ ಇರಲು ಸಾಧ್ಯವಿಲ್ಲ. ಇದು ಬೆಜೂ ಪ್ರಮೇಯ. ಲೆಕ್ಕ ಶುರು ಮಾಡುವ ಮೊದಲೇ ಡಿಗ್ರಿಗಳನ್ನು ಗುಣಿಸಿ ಪಕ್ಕದಲ್ಲಿ ಬರೆದುಕೊಳ್ಳಿ. ಕೊನೆಗೆ ಅದಕ್ಕಿಂತ ಜಾಸ್ತಿ ಬಂದರೆ ಎಲ್ಲೋ ಕಸ ಸೇರಿದೆ ಎಂದರ್ಥ.

ಇದೇ ದಾರಿಯಲ್ಲಿ ಇನ್ನೊಂದು ಸೊಗಸಾದ ಲೆಕ್ಕ ಮಾಡಬಹುದು. √2 + √3 ಯಾವ ಪೂರ್ಣಾಂಕ ಸಹಗುಣಕಗಳ ಸಮೀಕರಣದ ಮೂಲ? ಯ² = 2 ಇರಲಿ, ಮೊತ್ತ ನ ಇರಲಿ. ಆಗ (ನ − ಯ)² = 3. ಬಿಡಿಸಿ, ಯ² ಇದ್ದಲ್ಲಿ 2 ಹಾಕಿದರೆ ನ² − 2ನಯ − 1 = 0. ಈಗ ಯ ಮೊದಲ ಘಾತದಲ್ಲಿದೆ: ಯ = (ನ² − 1)/2ನ. ಇದನ್ನು ಯ² = 2ಕ್ಕೆ ಹಾಕಿದರೆ (ನ² − 1)² = 8ನ², ಅಂದರೆ ನ⁴ − 10ನ² + 1 = 0. ವರ್ಗಮೂಲದ ಚಿಹ್ನೆಗಳೆಲ್ಲ ಹೋದವು. ಯ² = 2 ಅನ್ನು ಬಳಸಿ ಡಿಗ್ರಿ ಇಳಿಸಿಕೊಂಡೆವಲ್ಲ, ಆ ಹೆಜ್ಜೆಯೇ ಮುಂದಿನ ಎಲ್ಲ ವಿಧಾನಗಳ ಬೀಜ.

ಎರಡನೇ ದಾರಿ: ರಿಸಲ್ಟಂಟ್

ಎರಡೂ ಸಮೀಕರಣಗಳಲ್ಲಿ ಯ ವರ್ಗ ಅಥವಾ ಘನದಲ್ಲಿದ್ದರೆ ಆದೇಶಿಸಲು ಹೋದಾಗ ವರ್ಗಮೂಲಗಳು ಬಂದು ಲೆಕ್ಕ ಗೋಜಲಾಗುತ್ತದೆ. ಆಗ ಬೇಕಾಗುವುದು ರಿಸಲ್ಟಂಟ್. 1683ರಲ್ಲೇ ಜಪಾನಿನ ಸೆಕಿ ತಕಕಾಜು ಇಂಥ ವರ್ಜನೆಗಾಗಿ ನಿರ್ಧಾರಕಗಳನ್ನು ಬಳಸಿದ್ದರು. 18ನೇ ಶತಮಾನದಲ್ಲಿ ಆಯ್ಲರ್ ಮತ್ತು ಬೆಜೂ ಇದನ್ನು ಬೆಳೆಸಿದರು. ನಾವು ಇವತ್ತು ಬರೆಯುವ ಮಾತೃಕೆಯ ರೂಪ 1840ರಲ್ಲಿ ಸಿಲ್ವೆಸ್ಟರ್ ಕೊಟ್ಟದ್ದು.

ಇದು ಯಾಕೆ ಕೆಲಸ ಮಾಡುತ್ತದೆ ಅಂತ ತಿಳಿದರೆ ವಿಧಾನ ಮರೆಯುವುದೇ ಇಲ್ಲ. ಕ-ಗೆ ಒಂದು ಬೆಲೆ ಕೊಟ್ಟು ನಿಲ್ಲಿಸಿ. ಈಗ ಪ, ಫ ಎರಡೂ ಯ-ಯ ಬಹುಪದೋಕ್ತಿಗಳು, ಡಿಗ್ರಿ ಕ್ರಮವಾಗಿ 3 ಮತ್ತು 2 ಇರಲಿ. ಇವೆರಡಕ್ಕೂ ಒಂದೇ ಮೂಲ ಇದ್ದರೆ ಆ ಸಾಮಾನ್ಯ ಅಪವರ್ತನವನ್ನು ಎರಡರಿಂದಲೂ ತೆಗೆದು ಅಡ್ಡಡ್ಡ ಗುಣಿಸಬಹುದು. ಅಂದರೆ ಗ·ಪ + ಘ·ಫ = 0 ಆಗುವಂಥ ಗ, ಘ ಸಿಗುತ್ತವೆ. ಗ-ಯ ಡಿಗ್ರಿ 2ಕ್ಕಿಂತ ಕಡಿಮೆ, ಘ-ಯ ಡಿಗ್ರಿ 3ಕ್ಕಿಂತ ಕಡಿಮೆ. ಗ, ಘ-ಗಳ ಸಹಗುಣಕಗಳು ಒಟ್ಟು 5. ಅವೇ ನಮಗೆ ಗೊತ್ತಿಲ್ಲದವು. ಯ-ಯ ಪ್ರತಿ ಘಾತದ ಸಹಗುಣಕ ಸೊನ್ನೆ ಆಗಬೇಕು ಎಂಬ ಷರತ್ತುಗಳೂ 5. ಎಲ್ಲವೂ ರೇಖಾತ್ಮಕ! ಇಂಥ ವ್ಯವಸ್ಥೆಗೆ ಸೊನ್ನೆಯಲ್ಲದ ಪರಿಹಾರ ಇರಬೇಕಾದರೆ ನಿರ್ಧಾರಕ ಸೊನ್ನೆ ಆಗಬೇಕು. ಈ ನಿರ್ಧಾರಕವೇ ರಿಸಲ್ಟಂಟ್. ಘಾತಗಳಿಂದ ತುಂಬಿದ ಪ್ರಶ್ನೆ ಹೀಗೆ ಪಿಯುಸಿ ಮಟ್ಟದ ನಿರ್ಧಾರಕದ ಲೆಕ್ಕವಾಯಿತು. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಜಾಗ ಇದು.

ಮಾತೃಕೆ ಕಟ್ಟುವುದು ಹೀಗೆ. ಪ ಮತ್ತು ಫ-ಗಳನ್ನು ಯ-ಯ ಇಳಿಯುವ ಘಾತಗಳಲ್ಲಿ ಬರೆಯಿರಿ. ಇಲ್ಲದ ಘಾತಕ್ಕೆ 0 ಹಾಕಿ. ಪ-ಯ ಡಿಗ್ರಿ ಎಷ್ಟೋ ಅಷ್ಟು ಸಾಲು ಫ-ಯ ಸಹಗುಣಕಗಳು, ಫ-ಯ ಡಿಗ್ರಿ ಎಷ್ಟೋ ಅಷ್ಟು ಸಾಲು ಪ-ಯ ಸಹಗುಣಕಗಳು. ಪ್ರತಿ ಹೊಸ ಸಾಲನ್ನು ಒಂದು ಮನೆ ಬಲಕ್ಕೆ ಸರಿಸಿ. ಮೇಲಿನ ಉದಾಹರಣೆಯಲ್ಲಿ ಪ = ಯ² + 0·ಯ + (ಕ² − 25), ಫ = ಕ·ಯ − 12. ಆದ್ದರಿಂದ ಮಾತೃಕೆ:

1 | 0 | ಕ² − 25
ಕ | −12 | 0
0 | ಕ | −12

ನಿರ್ಧಾರಕ: 1 × 144 + (ಕ² − 25) × ಕ² = ಕ⁴ − 25ಕ² + 144. ಆದೇಶ ವಿಧಾನದಲ್ಲಿ ಬಂದದ್ದೇ ಬಂತು.

ಎರಡೂ ವರ್ಗ ಬಹುಪದೋಕ್ತಿಗಳಾದರೆ 4 × 4 ನಿರ್ಧಾರಕ ಬಿಡಿಸುವ ಶ್ರಮ ಬೇಡ. ಸಹಗುಣಕಗಳು ಅ₀, ಅ₁, ಅ₂ ಮತ್ತು ಬ₀, ಬ₁, ಬ₂ ಆದರೆ ರಿಸಲ್ಟಂಟ್ ಹೀಗೆ:

(ಅ₀ಬ₂ − ಅ₂ಬ₀)² − (ಅ₀ಬ₁ − ಅ₁ಬ₀)(ಅ₁ಬ₂ − ಅ₂ಬ₁)

ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ತುಂಬಾ ಸಲ ಬೇಕಾಗುತ್ತದೆ. ಈಗಲೇ ಬಳಸೋಣ. ಟ ಎಂಬ ನಿಯತಾಂಕ ಬದಲಾದಂತೆ ಒಂದು ಬಿಂದು ಹೀಗೆ ಚಲಿಸುತ್ತದೆ:

ಯ = (1 − ಟ²)/(1 + ಟ²), ಕ = 2ಟ/(1 + ಟ²)

ಟ-ಯನ್ನು ವರ್ಜಿಸಿ ಯ, ಕ-ಗಳ ಸಂಬಂಧ ಕಂಡುಹಿಡಿಯಬೇಕು. ಛೇದಗಳನ್ನು ಗುಣಿಸಿ ತೆಗೆದು ಟ-ಯ ಘಾತಗಳಲ್ಲಿ ಬರೆದರೆ:

(ಯ + 1)ಟ² + 0·ಟ + (ಯ − 1) = 0
ಕಟ² − 2ಟ + ಕ = 0

ಸೂತ್ರಕ್ಕೆ ಹಾಕಿ. ಮೊದಲ ಆವರಣ: (ಯ + 1)ಕ − (ಯ − 1)ಕ = 2ಕ, ವರ್ಗ 4ಕ². ಎರಡನೆಯದು −2(ಯ + 1), ಮೂರನೆಯದು 2(ಯ − 1). ಒಟ್ಟು 4ಕ² + 4(ಯ² − 1). ಇದು ಸೊನ್ನೆ ಆದರೆ ಯ² + ಕ² = 1. ಅಂದರೆ ಇದು ವೃತ್ತ.

ಬಿಟ್ಟುಹೋದ ಬಿಂದು

ಇಲ್ಲಿ ಸ್ವಲ್ಪ ನಿಲ್ಲೋಣ. ವೃತ್ತದ ಮೇಲೆ (−1, 0) ಎಂಬ ಬಿಂದು ಇದೆ. ಟ-ಗೆ ಯಾವ ಬೆಲೆ ಕೊಟ್ಟರೆ ಅಲ್ಲಿಗೆ ಹೋಗಬಹುದು? ಯಾವ ಬೆಲೆ ಕೊಟ್ಟರೂ ಆಗುವುದಿಲ್ಲ. ಟ ದೊಡ್ಡದಾದಂತೆ ಬಿಂದು ಹತ್ತಿರ ಹತ್ತಿರ ಹೋಗುತ್ತದೆ, ಮುಟ್ಟುವುದಿಲ್ಲ. ಆದರೂ ರಿಸಲ್ಟಂಟ್ ಆ ಬಿಂದುವನ್ನು ಒಳಗೆ ಸೇರಿಸಿಕೊಂಡಿತು.

ಯಾಕೆ? ಎರಡು ಸಮೀಕರಣಗಳಲ್ಲಿ ಟ²-ದ ಸಹಗುಣಕ ನೋಡಿ: ಯ + 1 ಮತ್ತು ಕ. ಎರಡೂ ಒಟ್ಟಿಗೆ ಸೊನ್ನೆ ಆಗುವ ಜಾಗ ಒಂದೇ, ಅದು (−1, 0). ಅಲ್ಲಿ ಸಿಲ್ವೆಸ್ಟರ್ ಮಾತೃಕೆಯ ಮೊದಲ ಕಂಬಸಾಲು ಪೂರ್ತಿ ಸೊನ್ನೆ. ಹಾಗಾಗಿ ಸಾಮಾನ್ಯ ಮೂಲ ಇರಲಿ ಬಿಡಲಿ, ನಿರ್ಧಾರಕ ಸೊನ್ನೆ ಆಗಿಬಿಡುತ್ತದೆ.

ಇದರಿಂದ ಸಿಗುವ ನಿಯಮ ಸರಳ. ರಿಸಲ್ಟಂಟ್ ತೆಗೆಯುವ ಮೊದಲು ಎರಡೂ ಬಹುಪದೋಕ್ತಿಗಳ ಅತಿ ದೊಡ್ಡ ಘಾತದ ಸಹಗುಣಕಗಳನ್ನು ಪಕ್ಕದಲ್ಲಿ ಬರೆಯಿರಿ. ಅವೆರಡರಲ್ಲಿ ಒಂದಾದರೂ ಸೊನ್ನೆಯಲ್ಲದ ಕಡೆ ರಿಸಲ್ಟಂಟ್ ಸತ್ಯವನ್ನೇ ಹೇಳುತ್ತದೆ: ಅದು ಸೊನ್ನೆ ಆದರೆ ಸಂಮಿಶ್ರ ಸಂಖ್ಯೆಗಳಲ್ಲಿ ಸಾಮಾನ್ಯ ಮೂಲ ಇದ್ದೇ ಇದೆ. ಎರಡೂ ಸೊನ್ನೆ ಆಗುವ ಕಡೆಗಳನ್ನು ಮಾತ್ರ ಪ್ರತ್ಯೇಕವಾಗಿ ಕೈಯಾರೆ ಪರೀಕ್ಷಿಸಿ. ಎರಡರಲ್ಲಿ ಒಂದು ಸಹಗುಣಕ ಬರೀ ಸಂಖ್ಯೆಯಾದರೆ, ಮೇಲಿನ ಪ-ಯಲ್ಲಿ 1 ಇದ್ದಂತೆ, ಈ ಚಿಂತೆಯೇ ಇಲ್ಲ. ಯಾವ ಚರಾಕ್ಷರವನ್ನು ಮೊದಲು ವರ್ಜಿಸಬೇಕು ಅಂತ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ.

ರಿಸಲ್ಟಂಟ್ ಎಲ್ಲ ಕಡೆಯೂ ಸೊನ್ನೆ ಎಂದೇ ಬಂದರೆ ಲೆಕ್ಕ ತಪ್ಪಾಗಿದೆ ಎಂದುಕೊಳ್ಳಬೇಡಿ. (ಯ − ಕ)(ಯ + 1) ಮತ್ತು (ಯ − ಕ)(ಕ − 2) ತೆಗೆದುಕೊಂಡರೆ ಯ = ಕ ಎಂಬ ಇಡೀ ರೇಖೆಯೇ ಪರಿಹಾರ. ಕ-ಗೆ ಯಾವ ಬೆಲೆ ಕೊಟ್ಟರೂ ಪರಿಹಾರ ಇದೆ, ಅದಕ್ಕೇ ಸೊನ್ನೆ. ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) ತೆಗೆದು ಸಾಮಾನ್ಯ ಅಪವರ್ತನವನ್ನು ಬೇರೆ ಇಟ್ಟು, ಉಳಿದ ಭಾಗಕ್ಕೆ ಮತ್ತೆ ಮಾಡಿ.

ಮೂರು ಚರಾಕ್ಷರಗಳು ಬಂದಾಗ

ಮೂರು ಸಮೀಕರಣ, ಮೂರು ಚರಾಕ್ಷರ. ಮೊದಲ ಎರಡರಿಂದ ಯ ವರ್ಜಿಸು, ಮೊದಲ ಮತ್ತು ಮೂರನೆಯದರಿಂದ ಯ ವರ್ಜಿಸು, ಬಂದ ಎರಡರಿಂದ ಕ ವರ್ಜಿಸು. ಹೀಗೆ ಮಾಡಬೇಕು ಅಂತ ಯಾರಿಗಾದರೂ ತೋಚುತ್ತದೆ. ಮಾಡಬಹುದು ಕೂಡ. ಆದರೆ ಬೆಲೆ ತೆರಬೇಕು.

ಮೂರೂ ಡಿಗ್ರಿ 2 ಅಂದುಕೊಳ್ಳಿ. ಮೊದಲ ಸುತ್ತಿನಲ್ಲಿ ಡಿಗ್ರಿ 4ರ ಎರಡು ಸಮೀಕರಣ ಬರುತ್ತವೆ. ಎರಡನೇ ಸುತ್ತಿನಲ್ಲಿ ಡಿಗ್ರಿ 16. ಆದರೆ ನಿಜವಾದ ಪರಿಹಾರಗಳು 2 × 2 × 2 = 8 ಮಾತ್ರ. ಉಳಿದ 8 ಎಲ್ಲಿಂದ ಬಂದವು? ಕ, ನ-ಗಳ ಒಂದು ಬೆಲೆಗೆ ಮೊದಲ ಸಮೀಕರಣಕ್ಕೆ ಯ-ಯ ಎರಡು ಮೂಲಗಳಿವೆ. ಅದರಲ್ಲಿ ಒಂದು ಎರಡನೇ ಸಮೀಕರಣಕ್ಕೆ ಒಪ್ಪಿ, ಇನ್ನೊಂದು ಮೂರನೆಯದಕ್ಕೆ ಒಪ್ಪಿದರೂ ಎರಡೂ ರಿಸಲ್ಟಂಟ್‌ಗಳು ಸೊನ್ನೆ ಆಗುತ್ತವೆ. ಮೂರಕ್ಕೂ ಒಟ್ಟಿಗೆ ಒಪ್ಪುವ ಯ ಅಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಹಂತ ಹಂತವಾಗಿ ರಿಸಲ್ಟಂಟ್ ತೆಗೆದಾಗ ಪ್ರತಿ ಹಂತದಲ್ಲೂ ಅಪವರ್ತನ ಮಾಡಿ. ಪ್ರತಿ ಅಪವರ್ತನವನ್ನೂ ಪರೀಕ್ಷಿಸಿ, ಸುಳ್ಳು ಅಪವರ್ತನಗಳನ್ನು ಅಲ್ಲೇ ಬಿಡಿ. ಕೊನೆಯವರೆಗೂ ಹೊತ್ತುಕೊಂಡು ಹೋದರೆ ಲೆಕ್ಕ ಬೆಟ್ಟವಾಗುತ್ತದೆ.

ಮೂರನೇ ದಾರಿ: ಗ್ರೋಬ್ನರ್ ಬೇಸಿಸ್

ಎಲ್ಲ ಸಮೀಕರಣಗಳನ್ನೂ ಒಟ್ಟಿಗೆ ಇಟ್ಟುಕೊಂಡು ವರ್ಜಿಸುವ ದಾರಿ ಇದು. 1965ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಬ್ರುನೋ ಬುಖ್‌ಬರ್ಗರ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದನ್ನು ಕೊಟ್ಟರು. ತಮ್ಮ ಮಾರ್ಗದರ್ಶಕ ವೋಲ್ಫ್‌ಗಾಂಗ್ ಗ್ರೋಬ್ನರ್ ಅವರ ಹೆಸರನ್ನೇ ಇದಕ್ಕೆ ಇಟ್ಟರು. ಅದಕ್ಕೂ ಮೊದಲು ಒಂದು ಕಾಲ ಇತ್ತು. 1946ರಲ್ಲಿ ಆಂದ್ರೆ ವೇಲ್ ಅವರಂಥ ದೊಡ್ಡ ಗಣಿತಜ್ಞರೇ ಬೀಜಗಣಿತ ಜ್ಯಾಮಿತಿಯಿಂದ ಈ ಹಳೇ ವರ್ಜನೆಯ ಲೆಕ್ಕಗಳನ್ನು ಪೂರ್ತಿ ತೆಗೆದುಹಾಕುವ ಆಸೆ ವ್ಯಕ್ತಪಡಿಸಿದ್ದರು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದ ಶ್ರೀರಾಮ ಅಭ್ಯಂಕರ್ ಅದನ್ನು ಒಪ್ಪಲಿಲ್ಲ. ವರ್ಜನೆಯ ಪರವಾಗಿ ಒಂದು ಕವಿತೆಯನ್ನೇ ಬರೆದರು. ಕಂಪ್ಯೂಟರ್‌ಗಳು ಬಂದ ಮೇಲೆ ಅಭ್ಯಂಕರ್ ಹೇಳಿದ್ದೇ ಸರಿ ಅನ್ನಿಸುತ್ತದೆ.

ಕೆಲಸ ಹೀಗೆ. ಮೊದಲು ಪದಗಳಿಗೆ ಒಂದು ಕ್ರಮ ಗೊತ್ತುಮಾಡಿ. ವರ್ಜನೆಗೆ ನಿಘಂಟಿನ ಕ್ರಮ ಬೇಕು: ಯ ಇರುವ ಪದ ಯ ಇಲ್ಲದ ಎಲ್ಲ ಪದಗಳಿಗಿಂತ ದೊಡ್ಡದು, ಆಮೇಲೆ ಕ, ಆಮೇಲೆ ನ. ಯಾವುದನ್ನು ಮೊದಲು ಹೊರಹಾಕಬೇಕೋ ಅದು ಎಲ್ಲಕ್ಕಿಂತ ದೊಡ್ಡದು. ನಂತರ ಎರಡೆರಡು ಬಹುಪದೋಕ್ತಿ ತೆಗೆದುಕೊಂಡು, ಅವುಗಳ ಅತಿ ದೊಡ್ಡ ಪದಗಳು ಒಂದೇ ಆಗುವಂತೆ ಗುಣಿಸಿ ಕಳೆಯಿರಿ. ಬಂದದ್ದನ್ನು ಈಗಾಗಲೇ ಇರುವವುಗಳಿಂದ ಭಾಗಿಸಿ. ಶೇಷ ಸೊನ್ನೆ ಅಲ್ಲದಿದ್ದರೆ ಅದನ್ನೂ ಪಟ್ಟಿಗೆ ಸೇರಿಸಿ. ಯಾವ ಜೋಡಿಯೂ ಹೊಸದೇನನ್ನೂ ಕೊಡದಿದ್ದಾಗ ನಿಲ್ಲಿಸಿ. ಆಗ ಕೈಯಲ್ಲಿರುವ ಪಟ್ಟಿಯೇ ಗ್ರೋಬ್ನರ್ ಬೇಸಿಸ್. ಇದು ಖಂಡಿತ ನಿಲ್ಲುತ್ತದೆ ಎಂದು ಸಾಬೀತಾಗಿದೆ.

ಹಳೇ ಉದಾಹರಣೆಯನ್ನೇ ಮಾಡೋಣ.

ಪ₁ = ಯ² + ಕ² − 25
ಪ₂ = ಯಕ − 12

ದೊಡ್ಡ ಪದಗಳು ಯ² ಮತ್ತು ಯಕ. ಕ·ಪ₁ − ಯ·ಪ₂ ಮಾಡಿದರೆ ಯ²ಕ ಹೋಗಿ ಉಳಿಯುವುದು:

ಪ₃ = 12ಯ + ಕ³ − 25ಕ

ಈಗ ಪ₂ ಮತ್ತು ಪ₃. ಕ·ಪ₃ − 12·ಪ₂:

ಪ₄ = ಕ⁴ − 25ಕ² + 144

ಯ ಹೋಯಿತು. ಮೂರನೇ ಸಲ ಅದೇ ಸಮೀಕರಣ! ಆದರೆ ಈ ಸಲ ಬೋನಸ್ಸಾಗಿ ಪ₃ ಕೂಡ ಸಿಕ್ಕಿದೆ. ಅದು ಯ = (25ಕ − ಕ³)/12 ಅನ್ನುತ್ತದೆ. ಕ = 3 ಹಾಕಿ: (75 − 27)/12 = 4. ಕ = 4 ಹಾಕಿ: (100 − 64)/12 = 3. ಸುಳ್ಳು ಜೋಡಿಗಳು ಬರುವ ಪ್ರಶ್ನೆಯೇ ಇಲ್ಲ, ಛೇದದಲ್ಲಿ ಚರಾಕ್ಷರವೂ ಇಲ್ಲ. ಕೊನೆಗೆ ಪಟ್ಟಿಯಲ್ಲಿ ಪ₃, ಪ₄ ಎರಡನ್ನೇ ಉಳಿಸಿಕೊಂಡರೆ ಸಾಕು.

ಮೂರು ಚರಾಕ್ಷರಗಳದ್ದೂ ಒಂದು ನೋಡಿ: ಯ + ಕ + ನ = 6, ಯ² + ಕ² + ನ² = 14, ಯಕನ = 6. ನಿಘಂಟಿನ ಕ್ರಮದಲ್ಲಿ ಗ್ರೋಬ್ನರ್ ಬೇಸಿಸ್:

ಯ + ಕ + ನ − 6
ಕ² + ಕನ + ನ² − 6ಕ − 6ನ + 11
ನ³ − 6ನ² + 11ನ − 6

ಕೊನೆಯದರಲ್ಲಿ ನ ಮಾತ್ರ. ಅದರ ಮೂಲಗಳು 1, 2, 3. ಒಂದನ್ನು ಮೇಲಿನ ಸಾಲಿಗೆ ಹಾಕಿದರೆ ಕ, ಎರಡನ್ನೂ ಮೊದಲ ಸಾಲಿಗೆ ಹಾಕಿದರೆ ಯ. ಒಟ್ಟು 6 ಪರಿಹಾರ, ಬೆಜೂ ಹೇಳಿದ 1 × 2 × 3. ಇದೇ ಲೆಕ್ಕವನ್ನು ರಿಸಲ್ಟಂಟ್‌ನಿಂದ ಮಾಡಿದರೆ ಕೊನೆಯ ಬಹುಪದೋಕ್ತಿಯ ವರ್ಗ ಬರುತ್ತದೆ, ಡಿಗ್ರಿ 6. ನ-ಯ ಪ್ರತಿ ಬೆಲೆಗೆ ಎರಡು ಪರಿಹಾರ ಇವೆ ಎಂಬುದನ್ನು ಅದು ಹಾಗೆ ತೋರಿಸುತ್ತದೆ.

ಬೇಡದ ಪರಿಹಾರವನ್ನು ಮೊದಲೇ ತಡೆಯುವ ಒಂದು ಒಳ್ಳೆಯ ಉಪಾಯವೂ ಇದೆ. ಜ್ಯಾಮಿತಿಯ ಲೆಕ್ಕದಲ್ಲಿ ಎರಡು ಬಿಂದುಗಳು ಒಂದೇ ಆಗಿಬಿಡುವ ಪರಿಹಾರ ಆಗಾಗ ನುಸುಳುತ್ತದೆ. ಯ ಮತ್ತು ಕ ಬೇರೆ ಬೇರೆ ಇರಬೇಕು ಎಂದಾದರೆ ಹ ಎಂಬ ಹೊಸ ಚರಾಕ್ಷರ ತೆಗೆದುಕೊಂಡು ಹ(ಯ − ಕ) = 1 ಎಂಬ ಸಮೀಕರಣ ಸೇರಿಸಿ. ಯ = ಕ ಆದರೆ ಇದು 0 = 1 ಆಗುತ್ತದೆ, ಆ ಪರಿಹಾರ ತಾನಾಗಿಯೇ ಹೋಗುತ್ತದೆ. ಆಮೇಲೆ ಹ-ಯನ್ನೂ ವರ್ಜಿಸಿಬಿಡಿ. ಇದು ರಾಬಿನೋವಿಚ್ ಉಪಾಯ.

ಕಂಪ್ಯೂಟರಿನಲ್ಲಿ ಮಾಡುವಾಗ

ಕೈಯಲ್ಲಿ ಇಷ್ಟು ಮಾಡಿದ ಮೇಲೆ ದೊಡ್ಡ ಲೆಕ್ಕಗಳನ್ನು ಯಂತ್ರಕ್ಕೆ ಕೊಡಿ. ಪೈಥಾನ್ ಗೊತ್ತಿದ್ದರೆ ಸಿಂಪೈ ಲೈಬ್ರರಿ ಸಾಕು, ಅದರಲ್ಲಿ ರಿಸಲ್ಟಂಟ್, ಗ್ರೋಬ್ನರ್ ಎಂಬ ಹೆಸರಿನ ಫಂಕ್ಷನ್‌ಗಳೇ ಇವೆ. ಮ್ಯಾಕ್ಸಿಮಾದಲ್ಲಿ ಎಲಿಮಿನೇಟ್ ಇದೆ. ಲೆಕ್ಕ ಭಾರೀ ಇದ್ದರೆ ಸಿಂಗ್ಯುಲರ್ ಅಥವಾ ಸೇಜ್ ಬಳಸಿ. ಎಲ್ಲವೂ ಉಚಿತ.

ದೊಡ್ಡ ವ್ಯವಸ್ಥೆಗೆ ನೇರವಾಗಿ ನಿಘಂಟಿನ ಕ್ರಮ ಕೊಟ್ಟರೆ ಯಂತ್ರ ಗಂಟೆಗಟ್ಟಲೆ ಸುಮ್ನೆ ಕೂತುಬಿಡಬಹುದು. ಅತಿ ಕೆಟ್ಟ ಸಂದರ್ಭದಲ್ಲಿ ಡಿಗ್ರಿಗಳು ಎಷ್ಟು ಭಯಂಕರವಾಗಿ ಬೆಳೆಯಬಹುದು ಅಂತ 1982ರಲ್ಲೇ ಮಾಯರ್ ಮತ್ತು ಮೇಯರ್ ತೋರಿಸಿದ್ದಾರೆ. ಪರಿಹಾರಗಳ ಸಂಖ್ಯೆ ಮಿತವಾಗಿದ್ದರೆ ಮೊದಲು ಒಟ್ಟು ಡಿಗ್ರಿಯನ್ನು ನೋಡುವ ಕ್ರಮದಲ್ಲಿ ಬೇಸಿಸ್ ತೆಗೆದು, ಆಮೇಲೆ ನಿಘಂಟಿನ ಕ್ರಮಕ್ಕೆ ಬದಲಿಸಿ. ಇದಕ್ಕೆ 1993ರ ಎಫ್‌ಜಿಎಲ್‌ಎಂ ವಿಧಾನ ಇದೆ, ಸಿಂಪೈನಲ್ಲೂ ಸಿಗುತ್ತದೆ. ರಿಸಲ್ಟಂಟ್ ದೊಡ್ಡದಾದರೆ ಅಕ್ಷರ ಇಟ್ಟುಕೊಂಡು ನಿರ್ಧಾರಕ ಬಿಡಿಸಬೇಡಿ. ಉತ್ತರದ ಡಿಗ್ರಿ 16 ದಾಟುವುದಿಲ್ಲ ಅಂತ ಗೊತ್ತಿದ್ದರೆ ಕ-ಗೆ 17 ಪೂರ್ಣಾಂಕ ಬೆಲೆಗಳನ್ನು ಕೊಟ್ಟು, 17 ಸಂಖ್ಯಾ ನಿರ್ಧಾರಕ ತೆಗೆದು, ಅವುಗಳ ಮೂಲಕ ಹಾಯುವ ಬಹುಪದೋಕ್ತಿಯನ್ನು ಕಟ್ಟಿ. 16 ಅನ್ನು ಸುಮ್ಮನೆ ಹೇಳಿದ್ದಲ್ಲ. ಆರು ತಿರುಗುವ ಕೀಲುಗಳಿರುವ ರೋಬೋಟ್ ಕೈ ಒಂದು ನಿರ್ದಿಷ್ಟ ಸ್ಥಾನಕ್ಕೆ, ದಿಕ್ಕಿಗೆ ಬರಬೇಕಾದರೆ ಕೀಲುಗಳು ಯಾವ ಕೋನದಲ್ಲಿರಬೇಕು ಎಂಬ ಪ್ರಶ್ನೆ ವರ್ಜನೆಯ ನಂತರ ಡಿಗ್ರಿ 16ರ ಒಂದೇ ಸಮೀಕರಣಕ್ಕೆ ಇಳಿಯುತ್ತದೆ.

ವರ್ಜಿಸುವಾಗ ದಶಮಾಂಶ ಸಂಖ್ಯೆ ಬಳಸಬೇಡಿ. 0.1 ಬದಲು 1/10 ಕೊಡಿ. ದಶಮಾಂಶದಲ್ಲಿ ಸೊನ್ನೆ ಆಗಬೇಕಾದ ಸಹಗುಣಕ ಸೊನ್ನೆಗೆ ಹತ್ತಿರದ ಏನೋ ಆಗಿ ಉಳಿಯುತ್ತದೆ, ಡಿಗ್ರಿಯೇ ತಪ್ಪುತ್ತದೆ. ಮೂಲಗಳನ್ನು ತೆಗೆಯುವಾಗಲೂ ಎಚ್ಚರ ಬೇಕು. 1ರಿಂದ 20ರವರೆಗಿನ ಸಂಖ್ಯೆಗಳೇ ಮೂಲಗಳಾಗಿರುವ ಡಿಗ್ರಿ 20ರ ಬಹುಪದೋಕ್ತಿಯನ್ನು ವಿಲ್ಕಿನ್ಸನ್ ಪರೀಕ್ಷಿಸಿದ್ದರು. ಅದರಲ್ಲಿ 19ನೇ ಘಾತದ ಸಹಗುಣಕ −210. ಅದನ್ನು 2ರ 23ನೇ ಘಾತದಲ್ಲಿ ಒಂದು ಭಾಗದಷ್ಟು, ಅಂದರೆ ಸುಮಾರು ಕೋಟಿಯಲ್ಲಿ ಒಂದರಷ್ಟು, ಬದಲಿಸಿದರೆ 16 ಮತ್ತು 17ರ ಬಳಿಯ ಮೂಲಗಳು ವಾಸ್ತವವಾಗಿಯೇ ಉಳಿಯುವುದಿಲ್ಲ, ಸಂಮಿಶ್ರ ಸಂಖ್ಯೆಗಳಾಗುತ್ತವೆ. ಆದ್ದರಿಂದ ಸಹಗುಣಕಗಳನ್ನು ಭಿನ್ನರಾಶಿಯಲ್ಲೇ ಕೊನೆಯವರೆಗೆ ಇಟ್ಟುಕೊಂಡು, ಮೂಲಗಳನ್ನು 30-40 ಅಂಕಿಗಳವರೆಗೆ ತೆಗೆಯಿರಿ. ಸಿಕ್ಕ ಪ್ರತಿ ಪರಿಹಾರವನ್ನೂ ಕೊಟ್ಟ ಎಲ್ಲ ಸಮೀಕರಣಗಳಿಗೆ ಹಾಕಿ. ಒಂದರಲ್ಲಾದರೂ ಸೊನ್ನೆ ಬರದಿದ್ದರೆ ಬಿಡಿ. ಉಳಿದವುಗಳ ಸಂಖ್ಯೆಯನ್ನು ಮೊದಲೇ ಬರೆದಿಟ್ಟ ಡಿಗ್ರಿಗಳ ಗುಣಲಬ್ಧದ ಜೊತೆ ಹೋಲಿಸಿ. ಕಡಿಮೆ ಇದ್ದರೆ ಪುನರಾವರ್ತಿತ ಮೂಲ ಇದೆಯೇ, ಅನಂತಕ್ಕೆ ಓಡಿಹೋದ ಪರಿಹಾರ ಇದೆಯೇ, ಸಂಮಿಶ್ರ ಮೂಲಗಳನ್ನು ಎಣಿಸದೆ ಬಿಟ್ಟಿದ್ದೀರಾ ಎಂದು ನೋಡಿ.